ಟಿ1 ಬರೀ 2 ಸೆಕೆಂಡು, ಸಿಂಗ್ಲೆಟ್ 39

ನಾನು ಮಾಡುವುದು ಎನ್ಎಂಆರ್, ಅಂದರೆ ಕಾಂತಕ್ಷೇತ್ರದಲ್ಲಿ ಪರಮಾಣು ಕೇಂದ್ರಗಳ ಸ್ಪಿನ್ ಅಳೆಯುವ ಕೆಲಸ. ಎರಡು ಸ್ಪಿನ್ನುಗಳು ಒಂದನ್ನೊಂದು ರದ್ದು ಮಾಡಿಕೊಂಡ ಜೋಡಿ ಸ್ಥಿತಿಯೇ ಸಿಂಗ್ಲೆಟ್. ಸ್ಪಿನ್ ಲಾಕ್ (ಸ್ಪಿನ್ನುಗಳನ್ನು ಹಿಡಿದಿಡುವ ನಿರಂತರ ರೇಡಿಯೋ ತರಂಗ) ಹಾಕದೆ ಅದು ನಿಲ್ಲುವುದಿಲ್ಲ ಅಂತ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ನಿಂತಿತು. ಟಿ1, ಅಂದರೆ ಮಾಮೂಲಿ ಮ್ಯಾಗ್ನೆಟೈಸೇಶನ್ ಸಮತೋಲಕ್ಕೆ ಮರಳುವ ಕಾಲ, 2 ಸೆಕೆಂಡಿನ ಆಸುಪಾಸು ಇರುವ ಪ್ರೋಟಾನ್ ಜೋಡಿಯಲ್ಲಿ ಸಿಂಗ್ಲೆಟ್ ಆಯುಷ್ಯ 38-39 ಸೆಕೆಂಡು. ಮಾಲ್ಕಮ್ ಲೆವಿಟ್ ಅವರ ಸಂಶೋಧನಾ ಗುಂಪು 2015ರಲ್ಲಿ ಕಾರ್ಬನ್-13 ಜೋಡಿಯಲ್ಲಿ ಒಂದು ಗಂಟೆ ದಾಟಿಸಿತ್ತು, ಅದರ ಮುಂದೆ ಇದು ಸಣ್ಣದೇ. ಆದರೆ ಹಾಗೆ ಕಾರ್ಬನ್-13 ಸೇರಿಸಿ ಲೇಬಲ್ ಮಾಡಿದ ಅಣುವಿಗೆ ನನ್ನ ಹತ್ತಿರ ದುಡ್ಡಿರಲಿಲ್ಲ, ಅಲ್ವಾ?

ಜೆ (ಎರಡು ಪ್ರೋಟಾನುಗಳ ನಡುವಿನ ಜೋಡಣೆಯ ಬಲ) ಸುಮಾರು 17 ಹರ್ಟ್ಸ್, ಶಿಫ್ಟ್ ವ್ಯತ್ಯಾಸ (ಅವುಗಳ ಆವರ್ತನದ ಅಂತರ) 3 ಹರ್ಟ್ಸ್. ಮ್ಯಾಗ್ನೆಟೈಸೇಶನ್ ಅನ್ನು ಸಿಂಗ್ಲೆಟ್ ಆಗಿ ಬದಲಿಸಲು ಎಂ2ಎಸ್ ಎಂಬ ಪಲ್ಸ್ ಸರಣಿ ಬಿಟ್ಟು ಸ್ಲಿಕ್ ಎಂಬ ಒಂದೇ ದುರ್ಬಲ, ಉದ್ದ ಪಲ್ಸ್ ಹಿಡಿದೆ, 235 ಮಿಲಿಸೆಕೆಂಡು. ಮೊದಲ ತಿಂಗಳು ಭಾರಿ ಖುಷಿ. ಎಷ್ಟು ಕಾದರೂ ಸಿಗ್ನಲ್ ಇಳಿಯುತ್ತಲೇ ಇರಲಿಲ್ಲ! ಅನುಮಾನ ಆಗಲೇ ಬರಬೇಕಿತ್ತು. ಕಾಯುವ ಹೊತ್ತಿನಲ್ಲಿ ಮತ್ತೆ ಎದ್ದ ಮ್ಯಾಗ್ನೆಟೈಸೇಶನ್ ಅದು. ಗ್ರೇಡಿಯಂಟ್ (ಜಾಗದಿಂದ ಜಾಗಕ್ಕೆ ಬದಲಾಗುವ ಕಾಂತಕ್ಷೇತ್ರ) ಮತ್ತು 54.7 ಡಿಗ್ರಿ ಪಲ್ಸಿನ, ಸಿಂಗ್ಲೆಟ್ ಮಾತ್ರ ದಾಟಿಸುವ ಫಿಲ್ಟರ್ ಹಾಕಿದೆ, ಎಲ್ಲ ಮಾಯ. ಯಂತ್ರದ ಬಾಡಿಗೆ ಗಂಟೆ ಲೆಕ್ಕದಲ್ಲಿ ಸುಮ್ನೆ ಹೋಯಿತು.

ತಪ್ಪು ಪವರಿನಲ್ಲಿತ್ತು. ಸ್ಲಿಕ್ ಪಲ್ಸಿನ ಬಲ ಜೆಗೆ ಸಮ ಇರಬೇಕು. ಹಾರ್ಡ್ ಪಲ್ಸಿನ (ಜೋರಾದ ಮಾಮೂಲಿ ಪಲ್ಸ್) ಪವರಿನಿಂದ 63 ಡಿಬಿ ಕಳೆದು 17 ಹರ್ಟ್ಸ್ ಅಂದುಕೊಂಡಿದ್ದೆ. ಅಷ್ಟು ಕೆಳಗೆ ಆಂಪ್ಲಿಫೈಯರ್ ನೇರ ಗೆರೆಯಲ್ಲಿ ನಡೆಯುವುದಿಲ್ಲ, ನಿಜಕ್ಕೂ 21 ಇತ್ತು. ಅದೇ ಪವರಿನಲ್ಲೇ ನ್ಯೂಟೇಶನ್ (ಪಲ್ಸ್ ಸ್ಪಿನ್ನನ್ನು ತಿರುಗಿಸುವ ವೇಗ) ಅಳೆದು ಸರಿಮಾಡಿದ ಮೇಲೆ ಫಿಲ್ಟರ್ ದಾಟಿ ಸಿಗ್ನಲ್ ಬಂತು, ಶೇಕಡಾ 40ರಷ್ಟು. ಲೆಕ್ಕದ ಮಿತಿಯೇ ಮೂರರಲ್ಲಿ ಎರಡು ಪಾಲು, ಹಾಗಾಗಿ ನನಗೆ ಸಾಕು.

ಆದರೂ ಆಯುಷ್ಯ 9 ಸೆಕೆಂಡೇ. ದ್ರಾವಣದಲ್ಲಿ ಕರಗಿದ ಆಕ್ಸಿಜನ್ ಕಾಟ. ಅದನ್ನು ತೆಗೆಯಲು ಫ್ರೀಜ್-ಪಂಪ್-ಥಾ (ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸುವುದು) ಮಾಡಲು ಹೋದೆ. ದ್ರಾವಕವಾದ ಡಿ2ಓ (ಭಾರಜಲ) ಹೆಪ್ಪುಗಟ್ಟಿ ಹಿಗ್ಗುತ್ತದೆ ಅನ್ನೋದು ಗೊತ್ತಿದ್ದೂ ಅವಸರ ಮಾಡಿದೆ. ವಾಲ್ವ್ ಇರುವ ದುಬಾರಿ ಟ್ಯೂಬು ಎರಡು ಸೀಳಿದವು, ಆ ವರ್ಷ ಟ್ಯೂಬಿಗೆ ಇಟ್ಟಿದ್ದ ದುಡ್ಡು ಅಲ್ಲಿಗೆ ಮುಗಿಯಿತು. ಆಮೇಲೆ ಸಣ್ಣ ಕೊಳವೆಯಲ್ಲಿ ಆರ್ಗಾನ್ ನಿಧಾನಕ್ಕೆ ಅರ್ಧ ಗಂಟೆ ಹಾಯಿಸಿದೆ, 26ಕ್ಕೆ ಏರಿತು. ಲೋಹದ ಅಯಾನುಗಳಿದ್ದರೆ ಹಿಡಿಯಲಿ ಅಂತ ಚಿಟಿಕೆ ಇಡಿಟಿಎ ಹಾಕಿದೆ, 39.

ಛಲಕ್ಕೆ ಸ್ಪಿನ್ ಲಾಕ್ ಹಾಕಿಯೂ ನೋಡಿದೆ. ಒಂದೆರಡು ಸೆಕೆಂಡು ಜಾಸ್ತಿ ಬಂತು, ಜೊತೆಗೆ ಸ್ಯಾಂಪಲ್ ಬಿಸಿಯಾಗಿ ಶಿಫ್ಟ್ ಜಾರಿತು. ಜೆ ಇಷ್ಟು ದೊಡ್ಡದು, ಶಿಫ್ಟ್ ವ್ಯತ್ಯಾಸ ಇಷ್ಟು ಸಣ್ಣದು ಇದ್ದಾಗ ಜೋಡಿ ತಾನೇ ನಿಲ್ಲುತ್ತದೆ.

ಅದೇ ಟ್ಯೂಬನ್ನು ಎರಡು ವಾರ ಬಿಟ್ಟು ಅಳೆದರೆ 27. ಗಾಳಿ ಒಳಗೆ ನುಸುಳಿದೆ. ಮುಚ್ಚಳ ಬದಲಿಸಬೇಕು.