ಕಟ್ಟು ಹಿರಿಯರಿಗೆ, ಕಾಳು ಎತ್ತಿಗೆ

ನಾನು ಮದುವೆಯಾಗಿ ಬಂದ ಮನೆಯಲ್ಲಿ ಹುರುಳಿ ಬೇಯಿಸಿದ ದಿನ ಕಟ್ಟನ್ನು ಬಸಿದು ಸಾರು ಮಾಡಿ ಹಿರಿಯರಿಗೆ ಬಡಿಸುತ್ತಿದ್ದೆವು, ಉಳಿದ ಕಾಳನ್ನು ಕೊಟ್ಟಿಗೆಯ ಎತ್ತುಗಳಿಗೆ ಹಾಕುತ್ತಿದ್ದೆವು. ವಯಸ್ಸಾದವರಿಗೆ ಕಾಳು ವಾಯು, ಅರಗುವುದಿಲ್ಲ ಎಂಬುದು ಅತ್ತೆಯವರ ಮಾತು. ಅದನ್ನು ನಾನೂ ಬಹುಕಾಲ ಪ್ರಶ್ನಿಸಲಿಲ್ಲ. ಈಗ ನನಗೇ 74 ವರ್ಷ. ಸೊಸೆ ಬಸ್ಸಾರು ಮಾಡಿದ ದಿನ ನನ್ನ ತಟ್ಟೆಗೆ ಮುದ್ದೆ, ಸಾರು ಮಾತ್ರ ಬಂದರೆ, ಕಾಳಿನ ಪಲ್ಯವನ್ನು ಕೇಳಿ ಹಾಕಿಸಿಕೊಳ್ಳುತ್ತೇನೆ. ಅರಗುವುದಿಲ್ಲ ಎಂದು ಯಾವುದನ್ನು ದೂರುತ್ತಿದ್ದೆವೋ, ಮುಪ್ಪಿನ ಕರುಳಿಗೆ ಬೇಕಾಗಿರುವುದು ಅದೇ.

ಕಾಳಿನ ಪಿಷ್ಟವೆಲ್ಲ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಒಂದು ಪಾಲು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. 1982ರಲ್ಲಿ ಬ್ರಿಟನ್ನಿನ ಸಂಶೋಧಕರು ಇದನ್ನು ರೆಸಿಸ್ಟೆಂಟ್ ಸ್ಟಾರ್ಚ್ ಎಂದು ಕರೆದರು, ನಾವು ಅರಗದ ಪಿಷ್ಟ ಎನ್ನೋಣ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದಕ್ಕೆ ಹುದುಗು ಬರಿಸಿ ಬ್ಯೂಟಿರೇಟ್ ಮೊದಲಾದ ಆಮ್ಲಗಳನ್ನು ಉಂಟುಮಾಡುತ್ತವೆ, ಮತ್ತು ಆ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯೂಟಿರೇಟೇ ಮುಖ್ಯ ಆಹಾರ. ವಯಸ್ಸಾದಂತೆ ಕರುಳಿನ ಚಲನೆ ನಿಧಾನವಾಗುತ್ತದೆ, ಬಾಯಾರಿಕೆ ಕಡಿಮೆಯಾಗುತ್ತದೆ, ಹಲ್ಲು ಹೋದ ಮೇಲೆ ತಟ್ಟೆಯಲ್ಲಿ ಮೆತ್ತನೆಯ ಅನ್ನ ಮತ್ತು ತಿಳಿಸಾರು ಮಾತ್ರ ಉಳಿಯುತ್ತವೆ. ಬ್ಯಾಕ್ಟೀರಿಯಾಗಳಿಗೆ ಮೇವೇ ಇಲ್ಲದಂತೆ ಮಾಡಿ, ಮಲಬದ್ಧತೆಗೆ ಪುಡಿ ತರಿಸುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಲ್ಲಿಲ್ಲದವರು ಕಾಳು ತಿನ್ನುವುದು ಹೇಗೆ ಎಂಬುದು ನ್ಯಾಯವಾದ ಪ್ರಶ್ನೆ. ಕಾಳಿನ ಪಿಷ್ಟವು ಸಣ್ಣ ಸಣ್ಣ ಕೋಶಗಳೊಳಗೆ ಗೋಡೆ ಕಟ್ಟಿಕೊಂಡು ಕುಳಿತಿರುತ್ತದೆ. ಹಸಿ ಕಾಳನ್ನು ಗಿರಣಿಯಲ್ಲಿ ಹಿಟ್ಟು ಮಾಡಿಸಿದರೆ ಆ ಗೋಡೆಗಳು ಒಡೆಯುತ್ತವೆ, ಪಿಷ್ಟದ ಹೆಚ್ಚಿನ ಪಾಲು ಸಣ್ಣ ಕರುಳಿನಲ್ಲೇ ಅರಗಿಹೋಗುತ್ತದೆ. ಚೆನ್ನಾಗಿ ಬೆಂದ ಕಾಳನ್ನು ಸೌಟಿನ ಹಿಂಬದಿಯಿಂದ ಕಿವುಚಿದರೆ ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆಯೇ ಹೊರತು ಬಹುಪಾಲು ಒಡೆಯುವುದಿಲ್ಲ. ಆದ್ದರಿಂದ ಕಡಲೆಹಿಟ್ಟಿನ ತಿಂಡಿಗಿಂತ, ಬೇಯಿಸಿ ಕಿವುಚಿದ ಕಡಲೆಕಾಳು ಅಥವಾ ಅಲಸಂದೆಯೇ ಮೇಲು. ಅವರೆಯ ಕಾಲದಲ್ಲಿ ಹಿತಕಿದ ಬೇಳೆ ಇನ್ನೂ ಅನುಕೂಲ. ಸಿಪ್ಪೆಯ ನಾರು ಹೋದರೂ ಒಳಗಿನ ಪಿಷ್ಟ ಉಳಿದಿರುತ್ತದೆ. ಬೆಂದಿದೆಯೇ ಎಂದು ನೋಡಲು ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಬೇಕು: ನಡುವೆ ಗಟ್ಟಿ ಹರಳು ಸಿಗದೆ, ಬೆಣ್ಣೆಯಂತೆ ಹಿಸುಕಿಹೋಗಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕಾಳು ಬೇಯಲು ಸತಾಯಿಸುತ್ತದೆ, ಹುಣಸೆಹುಳಿಯನ್ನು ಮೊದಲೇ ಹಾಕಿದರಂತೂ ಬೇಯುವುದೇ ಇಲ್ಲ. ಹುಳಿ ಯಾವಾಗಲೂ ಬೆಂದ ಮೇಲೆ.

ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಬೇಕು. ವಾಯು ಮಾಡುವ ಸಕ್ಕರೆಯ ಅಂಶಗಳಲ್ಲಿ ಒಂದಿಷ್ಟು ನೆನೆಸಿದ ನೀರಿನಲ್ಲೇ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಕಡಿಮೆಯಾಗುತ್ತದೆ, ಆದರೆ ವಯಸ್ಸಾದವರು ಮೊಳಕೆಕಾಳನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಬೇಕು. ರಾಜ್ಮಾದ ವಿಷಯದಲ್ಲಿ ಮಾತ್ರ ಉದಾಸೀನ ಕೂಡದು: ಅದರ ಹಸಿ ಕಾಳಿನಲ್ಲಿ ಇರುವ ಒಂದು ವಿಷಾಂಶ ವಾಂತಿಭೇದಿ ತರಿಸುತ್ತದೆ, ಕನಿಷ್ಠ 10 ನಿಮಿಷ ಕೊತಕೊತ ಕುದಿಯದೆ ಅದು ನಾಶವಾಗುವುದಿಲ್ಲ.

ಇನ್ನು ತಂಗಳಿನ ಮಾತು. ಬೆಂದ ಕಾಳು ತಣಿಯುವಾಗ ಅದರ ಪಿಷ್ಟದ ಎಳೆಗಳು ಮತ್ತೆ ಬಿಗಿಯಾಗಿ ಹೆಣೆದುಕೊಳ್ಳುತ್ತವೆ. ಮರುದಿನ ಬಿಸಿ ಮಾಡಿದರೂ ಆ ಹೆಣಿಗೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಅಂದರೆ ಅರಗದ ಪಿಷ್ಟ ಸ್ವಲ್ಪ ಹೆಚ್ಚಾಗುತ್ತದೆ. ಹಾಗೆಂದು ಪಾತ್ರೆಯನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದು ಸಲ್ಲದು. ಬೆಂದ ಕಾಳನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು; ಮರುದಿನ ಹಬೆಯಾಡುವವರೆಗೆ ಬಿಸಿ ಮಾಡಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ಉಸಲಿ ಸಿದ್ಧ. ತಂಗಳೆಂದು ಮೂಗು ಮುರಿಯುವ ನಮ್ಮ ಯಜಮಾನರು ಇದನ್ನು ಎರಡನೆಯ ಬಾರಿ ಹಾಕಿಸಿಕೊಳ್ಳುತ್ತಾರೆ.

ಆರಂಭದಲ್ಲಿ ನಾನೇ ಒಂದು ತಪ್ಪು ಮಾಡಿದೆ. ಒಳ್ಳೆಯದೆಂದು ತಿಳಿದದ್ದೇ ತಡ, ಮೊದಲ ದಿನವೇ ಬಟ್ಟಲು ತುಂಬ ಮಡಕೆಕಾಳಿನ ಉಸಲಿ ತಿಂದು, ಹೊಟ್ಟೆ ಉಬ್ಬರಿಸಿ ರಾತ್ರಿಯೆಲ್ಲ ಕುಳಿತೇ ಕಳೆದೆ. ಅಭ್ಯಾಸವಿಲ್ಲದ ಕರುಳಿಗೆ ದಿನಕ್ಕೆ ಎರಡು ಚಮಚ ಸಾಕು. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಅರ್ಧ ಬಟ್ಟಲಿಗೆ ಏರಿಸಬೇಕು, ಜೊತೆಗೆ ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ಆಮೇಲೆ ಬಿಡಬಾರದು. ಅಮೆರಿಕದ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರವು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರುಳಿನ ಗಡ್ಡೆಯ ಇತಿಹಾಸವಿದ್ದ 48 ಸ್ಥೂಲಕಾಯರು 8 ವಾರ ದಿನವೂ ಒಂದು ಕಪ್ ಬಿಳಿ ಬೀನ್ಸ್ ಕಾಳು ತಿಂದಾಗ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಹೆಚ್ಚಿದವು, ತಿನ್ನುವುದನ್ನು ನಿಲ್ಲಿಸಿದ ಮೇಲೆ ಆ ಲಾಭ ಬೇಗನೆ ಇಳಿಯಿತು. ಇದಕ್ಕೆ ಕಾರಣ ಕಾಳಿನ ಪಿಷ್ಟವೋ ನಾರೋ ಎಂದು ಬೇರ್ಪಡಿಸುವುದು ಕಷ್ಟ. ನಮ್ಮ ಅಡುಗೆಮನೆಗೆ ಅದರ ಅಗತ್ಯವೂ ಇಲ್ಲ.

ಮೂತ್ರಪಿಂಡದ ತೊಂದರೆಯಿರುವವರಿಗೆ ಕಾಳಿನ ಪೊಟ್ಯಾಸಿಯಂ ಮತ್ತು ಪ್ರೋಟೀನು ಹೊರೆಯಾಗಬಹುದು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ಬದಲಾದಾಗ ಔಷಧಿಯ ಪ್ರಮಾಣವೂ ಬದಲಾಗಬೇಕಾಗಬಹುದು. ಇವರು ವೈದ್ಯರನ್ನು ಕೇಳಿ ತೊಡಗಬೇಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲವಿಸರ್ಜನೆಯ ಕ್ರಮ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ, ಕಾಳು ನೆನೆಹಾಕುವುದನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು.