ಗಟ್ಟಿ ಬಂಡೆಯಲ್ಲಿ ಗಾಳಿ ಹ್ಯಾಮರ್ ನಡೆಸುವ ಬಗೆ: ಬೆಂಗಳೂರಿನ ಬೋರ್‌ವೆಲ್ ಕೊರೆಯುವವರಿಗೆ

ಲಾಲ್‌ಬಾಗ್‌ನಲ್ಲಿ ಮೇಲೆದ್ದು ಕಾಣುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಬೆಂಗಳೂರಿನ ಬಹುಪಾಲು ನೆಲದಡಿ ಇರುವುದೂ ಇದೇ ಜಾತಿಯ ನೈಸ್ (gneiss) ಎಂಬ ಕಲ್ಲು. ಮೇಲೆ ಕೆಮ್ಮಣ್ಣು, ಅದರಡಿ ಪುಡಿಪುಡಿಯಾಗುವ ಶಿಥಿಲ ಕಲ್ಲು, ಆಮೇಲೆ ಗಟ್ಟಿ ಬಂಡೆ. ಇದನ್ನು ಕೆರೆದು ಕೊರೆಯಲು ಆಗುವುದಿಲ್ಲ, ಹೊಡೆದೇ ಒಡೆಯಬೇಕು. ಆ ಹೊಡೆತವನ್ನು ಗುಂಡಿಯ ತಳದಲ್ಲೇ ಕೊಡುವ ಯಂತ್ರ ಡಿಟಿಎಚ್ (ಡೌನ್ ದ ಹೋಲ್) ಹ್ಯಾಮರ್, ಅಂದರೆ ಗಾಳಿಯಿಂದ ನಡೆಯುವ ಸುತ್ತಿಗೆ. ಕೊರೆಯುವಾಗ ಬರುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಬಲ ಸಾಲದಿರುವುದಲ್ಲ, ಒಡೆದ ಪುಡಿ ಮೇಲೆ ಬಾರದಿರುವುದು. ಇದು ಮನಸ್ಸಿನಲ್ಲಿದ್ದರೆ ಮುಂದಿನ ಹೊಂದಾಣಿಕೆಗಳ ಅರ್ಥ ತಾನಾಗಿ ಆಗುತ್ತದೆ.

ಹ್ಯಾಮರ್ ಒಳಗೆ ಏನು ನಡೆಯುತ್ತದೆ

ರಾಡ್‌ಗಳ (ಹ್ಯಾಮರ್‌ಗೆ ಜೋಡಿಸುವ ಟೊಳ್ಳು ಕೊಳವೆಗಳ) ಒಳಗಿನಿಂದ ಇಳಿದ ಗಾಳಿ ಹ್ಯಾಮರ್‌ನ ಮೇಲ್ತುದಿಯಾದ ಬ್ಯಾಕ್‌ಹೆಡ್ ದಾಟಿ, ಹಿಮ್ಮುಖ ಹರಿವು ತಡೆಯುವ ಚೆಕ್ ವಾಲ್ವ್ ತೆರೆದು, ಸಿಲಿಂಡರ್ ಸೇರುತ್ತದೆ. ಮೊದಲು ಪಿಸ್ಟನ್‌ನ ಕೆಳಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಮೇಲೇರಿದ ಪಿಸ್ಟನ್ ಗಾಳಿಯ ದಾರಿಯನ್ನು ತಾನೇ ಬದಲಿಸುತ್ತದೆ. ಆಗ ಗಾಳಿ ಮೇಲಿನಿಂದ ಒತ್ತಿ, ಪಿಸ್ಟನ್ ಬಿಟ್‌ನ (ಬಂಡೆಗೆ ತಾಗುವ ಕೊರೆತುದಿಯ) ತಲೆಗೆ ಅಪ್ಪಳಿಸುತ್ತದೆ. 6 ಇಂಚಿನ ವರ್ಗದ ಹ್ಯಾಮರ್‌ನಲ್ಲಿ ಇದು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಆಗುತ್ತದೆ. ಕೆಲಸ ಮುಗಿಸಿದ ಗಾಳಿ ಫುಟ್ ವಾಲ್ವ್ (ಬಿಟ್‌ನ ತಲೆಯಲ್ಲಿ ಕೂರುವ ಸಣ್ಣ ಕೊಳವೆ) ಮೂಲಕ ಬಿಟ್‌ನ ಮುಖದ ತೂತುಗಳಿಂದ ಹೊರಬಿದ್ದು, ಕಲ್ಲುಪುಡಿಯನ್ನು ರಾಡ್‌ನ ಹೊರಬದಿಯಿಂದ ಮೇಲಕ್ಕೆ ಒಯ್ಯುತ್ತದೆ.

ಬಿಟ್ ತಳ ಬಿಟ್ಟು ಮೇಲೆದ್ದರೆ ಅದು ತನ್ನನ್ನು ಹಿಡಿದಿರುವ ಚಕ್‌ನಲ್ಲಿ ಕೆಳಗೆ ಜಾರುತ್ತದೆ, ಹೊಡೆತ ನಿಲ್ಲುತ್ತದೆ, ಗಾಳಿಯೆಲ್ಲ ಸಫಾಯಿಗೆ ಹೋಗುತ್ತದೆ. ಆದ್ದರಿಂದ ಗುಂಡಿ ಊದಬೇಕೆಂದರೆ ಹ್ಯಾಮರನ್ನು ಸ್ವಲ್ಪ ಎತ್ತಿದರೆ ಸಾಕು. ಬಿಟ್ ತಳದಲ್ಲಿ ಕೂತಿದ್ದರೂ ಹೊಡೆತ ಕೇಳಿಸದಿದ್ದರೆ ಮೊದಲು ಫುಟ್ ವಾಲ್ವ್ ಮುರಿದಿದೆಯೇ ನೋಡಿ, ಆಮೇಲೆ ಕಸ ಸೇರಿ ಪಿಸ್ಟನ್ ಸಿಕ್ಕಿದೆಯೇ ನೋಡಿ. ಈ ಕಸ ಬಹುತೇಕ ರಾಡ್‌ಗಳ ಒಳಗಿನಿಂದಲೇ ಬರುತ್ತದೆ. ಹಾಗಾಗಿ ಹ್ಯಾಮರ್ ಜೋಡಿಸುವ ಮೊದಲು ಪ್ರತಿ ರಾಡನ್ನೂ ಗಾಳಿಯಿಂದ ಊದಿ.

ಎಣ್ಣೆಯ ವಿಷಯದಲ್ಲಿ ಉಳಿತಾಯ ಬೇಡ. 100 ಸಿಎಫ್‌ಎಂ (ನಿಮಿಷಕ್ಕೆ 100 ಘನ ಅಡಿ) ಗಾಳಿಗೆ ಗಂಟೆಗೆ ಸುಮಾರು 0.16 ಲೀಟರ್ ರಾಕ್ ಡ್ರಿಲ್ ಎಣ್ಣೆ ಬೇಕು. 1100 ಸಿಎಫ್‌ಎಂ ಕಂಪ್ರೆಸರ್‌ಗೆ ಇದು ಗಂಟೆಗೆ ಸುಮಾರು 1.76 ಲೀಟರ್ ಆಗುತ್ತದೆ. ಹ್ಯಾಮರ್ ಇಳಿಸುವ ಮೊದಲು ಬಿಟ್‌ನ ಕೆಳಗೆ ಒಂದು ಹಲಗೆ ಹಿಡಿದು ಗಾಳಿ ಬಿಡಿ. ಹಲಗೆಯ ಮೇಲೆ ಎಣ್ಣೆಯ ಪಸೆ ಕಾಣದಿದ್ದರೆ ಇಳಿಸಬೇಡಿ, ಒಣಗಿದ ಪಿಸ್ಟನ್ ಸಿಲಿಂಡರ್‌ಗೆ ಅಂಟಿಕೊಂಡು ಸುಟ್ಟುಹೋಗುತ್ತದೆ.

ಶುರು ಮಾಡುವುದು

ಬೆಂಗಳೂರಿನೊಳಗೆ ಹೊಸ ಬೋರ್‌ವೆಲ್‌ಗೆ ಜಲಮಂಡಳಿಯ ಅನುಮತಿ ಬೇಕು. ಅದು ಕೈಗೆ ಬಂದ ಮೇಲೆ ರಿಗ್ ನಿಲ್ಲಿಸಿ, ಜಾಕ್‌ಗಳ ಮೇಲೆ ಮಟ್ಟ ಮಾಡಿ, ಮಾಸ್ಟ್ (ರಿಗ್‌ನ ಎತ್ತರದ ಕಂಬ) ಲಂಬವಾಗಿದೆಯೇ ಎಂದು ಎರಡು ದಿಕ್ಕಿನಿಂದ ತೂಗುಗುಂಡು ಬಿಟ್ಟು ನೋಡಿ. ಮೊದಲ ಎರಡು ಮೂರು ರಾಡ್ ಎತ್ತ ವಾಲುತ್ತವೋ ಇಡೀ ಬೋರ್ ಅತ್ತ ವಾಲುತ್ತದೆ, ಆಮೇಲೆ ಪಂಪ್ ಇಳಿಯುವುದಿಲ್ಲ.

ಮಣ್ಣು, ಶಿಥಿಲ ಕಲ್ಲಿನ ಭಾಗವನ್ನು ದೊಡ್ಡ ಬಿಟ್‌ನಿಂದ ಕೊರೆದು ಕೇಸಿಂಗ್ (ಮಣ್ಣು ಕುಸಿಯದಂತೆ ತಡೆಯುವ ಕೊಳವೆ) ಇಳಿಸಬೇಕು. ಎಷ್ಟು ಅಡಿ ಎಂಬುದು ಬಡಾವಣೆಯಿಂದ ಬಡಾವಣೆಗೆ, ಎಷ್ಟೋ ಸಲ ಸೈಟಿನಿಂದ ಸೈಟಿಗೆ ಬದಲಾಗುತ್ತದೆ. ಪಕ್ಕದ ಮನೆಯ ಲೆಕ್ಕ ನಂಬಬೇಡಿ. ಪುಡಿಯ ಬಣ್ಣ ಕಂದಿನಿಂದ ಬೂದು-ಬಿಳಿಗೆ ತಿರುಗಿ, ಹ್ಯಾಮರ್ ಸದ್ದು ಚುರುಕಾಗಿ ಖಣಖಣ ಎನ್ನತೊಡಗಿದರೆ ಗಟ್ಟಿ ಬಂಡೆ ಬಂತು. ಕೇಸಿಂಗ್‌ನ ಬುಡ ಅದರೊಳಗೆ ಕೂರಬೇಕು. ತುಸು ಮೇಲೆಯೇ ನಿಂತರೆ ಆ ಸಂದಿಯಿಂದ ಮಣ್ಣು ಜಾರಿ ಕೊನೆಯವರೆಗೂ ಕಾಡುತ್ತದೆ. ಕೇಸಿಂಗ್ ಖರೀದಿಸುವಾಗ ಒಳಅಳತೆ ನೋಡಿ, 165 ಮಿ.ಮೀ. (ಆರೂವರೆ ಇಂಚು) ಬಿಟ್ ಸಲೀಸಾಗಿ ಇಳಿಯಬೇಕು.

ಬಂಡೆಯ ಮೇಲೆ ಬಿಟ್ ಕೂರಿಸುವಾಗ ಅರ್ಧ ಗಾಳಿ, ಹಗುರ ಒತ್ತಡ, ನಿಧಾನ ತಿರುಗು. ಬಿಟ್ ತನ್ನ ಜಾಗ ಮಾಡಿಕೊಂಡ ಮೇಲಷ್ಟೇ ಪೂರ್ತಿ ಗಾಳಿ ಕೊಡಿ.

ಒತ್ತಡ ಮತ್ತು ತಿರುಗು

ಬಿಟ್‌ನ ಪ್ರತಿ ಇಂಚು ವ್ಯಾಸಕ್ಕೆ 250ರಿಂದ 500 ಪೌಂಡ್ ಒತ್ತಡ ಸಾಕು. ಆರೂವರೆ ಇಂಚಿನ ಬಿಟ್‌ಗೆ ಅದು ಸುಮಾರು 740ರಿಂದ 1475 ಕೆ.ಜಿ. ಇದಕ್ಕಿಂತ ಹೆಚ್ಚು ಒತ್ತಿದರೆ ವೇಗ ಹೆಚ್ಚುವುದಿಲ್ಲ. ಬಟನ್‌ಗಳು (ಬಿಟ್‌ನ ಮುಖದ ಮೇಲಿನ ಗಟ್ಟಿ ಗುಬಟುಗಳು) ಸಿಡಿಯುತ್ತವೆ, ಬೋರ್ ಬಾಗುತ್ತದೆ. ಕಡಿಮೆಯಾದರೆ ರಾಡ್ ಕುಣಿಯುತ್ತದೆ, ಹೊಡೆತದ ಬಲ ಬಂಡೆಗೆ ಹೋಗದೆ ಹ್ಯಾಮರ್‌ಗೇ ಹಿಂತಿರುಗುತ್ತದೆ. ಆಳ ಹೆಚ್ಚಿದಂತೆ ರಾಡ್‌ಗಳ ತೂಕವೇ ಬೇಕಾದಷ್ಟಾಗುತ್ತದೆ. ಅಲ್ಲಿಂದ ಮುಂದೆ ಕೆಳಕ್ಕೆ ಒತ್ತುವುದನ್ನು ಬಿಟ್ಟು ಮೇಲಿನಿಂದ ತಡೆದು ಹಿಡಿಯಬೇಕು. ಸಾವಿರ ಅಡಿ ಬೋರ್‌ನಲ್ಲಿ ಇದನ್ನು ಮರೆತವರು ಬಿಟ್ ಕಳೆದುಕೊಳ್ಳುತ್ತಾರೆ.

ತಿರುಗಿಸುವುದು ಕಲ್ಲು ಕತ್ತರಿಸುವುದಕ್ಕಲ್ಲ. ಮುಂದಿನ ಏಟು ಹೊಸ ಜಾಗಕ್ಕೆ ಬೀಳಲಿ ಎಂದು. ಒಂದು ಸುತ್ತಿಗೆ ಸುಮಾರು 10 ಮಿ.ಮೀ. ಇಳಿಯುವಂತೆ ಹೊಂದಿಸಿ. 20 ಅಡಿ ರಾಡ್ ಅರ್ಧ ಗಂಟೆಯಲ್ಲಿ ಇಳಿಯುತ್ತಿದ್ದರೆ ನಿಮಿಷಕ್ಕೆ 20 ಸುತ್ತು. ರಾಡ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಗಡಿಯಾರ ಹಿಡಿದು ಎಣಿಸಿ, ಅಂದಾಜು ಬೇಡ. ವೇಗ ಹೆಚ್ಚಾದರೆ ಅಂಚಿನ ಬಟನ್‌ಗಳು ಬೇಗ ಸವೆಯುತ್ತವೆ. ಕಡಿಮೆಯಾದರೆ ಏಟು ಹಳೆಯ ಕುಳಿಯಲ್ಲೇ ಬಿದ್ದು ಪುಡಿಯೇ ಮತ್ತೆ ಪುಡಿಯಾಗುತ್ತದೆ. ಹಿಮ್ಮುಖವಾಗಿ ಎಂದೂ ತಿರುಗಿಸಬಾರದು: ರಾಡ್‌ನ ಥ್ರೆಡ್, ಇಲ್ಲವೇ ಚಕ್ ಬಿಚ್ಚಿಕೊಂಡು ಹ್ಯಾಮರ್ ಅಥವಾ ಬಿಟ್ ಕೆಳಗೇ ಉಳಿಯುತ್ತದೆ.

ಬಟನ್‌ನ ಸವೆದ ಚಪ್ಪಟೆ ಭಾಗ ಅದರ ವ್ಯಾಸದ ಮೂರನೇ ಒಂದು ಭಾಗವಾದಾಗ ಸಾಣೆ ಹಿಡಿಸಿ. ಒಂದೇ ಬೋರ್‌ಗೆ ಎರಡು ಬಿಟ್ ಬಳಸುವುದಾದರೆ ಅಗಲದ್ದು ಮೊದಲು, ಸವೆದದ್ದು ಆಮೇಲೆ. ಸವೆದ ಬಿಟ್ ಕೊರೆದ ಕಿರಿದಾದ ಗುಂಡಿಗೆ ಹೊಸದನ್ನು ಇಳಿಸಿದರೆ ಅದು ಸಿಕ್ಕಿಕೊಳ್ಳುತ್ತದೆ.

ಗಾಳಿ, ಪುಡಿ, ನೀರು

165 ಮಿ.ಮೀ. ಗುಂಡಿಯಲ್ಲಿ 114 ಮಿ.ಮೀ. ರಾಡ್ ಇದ್ದಾಗ ಸುತ್ತಲಿನ ಸಂದಿ ಸುಮಾರು 0.011 ಚದರ ಮೀಟರ್. 1100 ಸಿಎಫ್‌ಎಂ ಗಾಳಿ ಅಲ್ಲಿಂದ ಏರಿದರೆ ಬಾಯಿಯ ಹತ್ತಿರ ವೇಗ ಸೆಕೆಂಡಿಗೆ 46 ಮೀಟರ್. ಪುಡಿ ಎತ್ತಲು ಕನಿಷ್ಠ 15 ಮೀಟರ್ ಬೇಕು. ಲೆಕ್ಕದಲ್ಲಿ ಇಷ್ಟು ಧಾರಾಳ ಕಂಡರೂ ತಳದಲ್ಲಿ ಗಾಳಿ ಒತ್ತಿಕೊಂಡಿರುವುದರಿಂದ ಅಲ್ಲಿ ವೇಗ ಇದಕ್ಕಿಂತ ಬಹಳ ಕಡಿಮೆ. ಬಿರುಕು ಸಿಕ್ಕರೆ ಗಾಳಿ ಅತ್ತ ನುಗ್ಗಿ ಇನ್ನೂ ಕುಸಿಯುತ್ತದೆ. ಪುಡಿ ಬರುವುದು ಕಡಿಮೆಯಾದ ಕ್ಷಣವೇ ಇಳಿಸುವುದನ್ನು ನಿಲ್ಲಿಸಿ, ಹ್ಯಾಮರ್ ಎತ್ತಿ ಊದಿ.

ತೇವ ಅರೆಬರೆಯಾಗಿದ್ದಾಗ ಅಪಾಯ ಹೆಚ್ಚು. ಪುಡಿ ಹಿಟ್ಟಿನಂತೆ ಕಲಸಿಕೊಂಡು ರಾಡ್ ಸುತ್ತ ಬಳೆಯಾಗಿ ಅಂಟುತ್ತದೆ, ಗಾಳಿಯ ದಾರಿ ಮುಚ್ಚುತ್ತದೆ, ಒತ್ತಡದ ಮುಳ್ಳು ಏರುತ್ತದೆ. ಆಗ ನೀರಿನ ಇಂಜೆಕ್ಷನ್ (ಗಾಳಿಯ ಜೊತೆ ಒಳಗೆ ಬಿಡುವ ನೀರು) ಕಡಿಮೆ ಮಾಡುವುದು ತಪ್ಪು, ಹೆಚ್ಚಿಸಬೇಕು. ಬೇಕಿದ್ದರೆ ಫೋಮ್ (ನೊರೆ) ಹಾಕಿ.

ನೀರು ಬಿದ್ದ ಮೇಲೆ ಇನ್ನೊಂದು ಲೆಕ್ಕ ಶುರು. ಪ್ರತಿ 10 ಮೀಟರ್ ನೀರು ಸುಮಾರು 1 ಬಾರ್ ಎದುರೊತ್ತಡ ಕೊಡುತ್ತದೆ. ಕಂಪ್ರೆಸರ್ 300 ಪಿಎಸ್‌ಐ (ಚದರ ಇಂಚಿಗೆ 300 ಪೌಂಡ್) ಒತ್ತಡದ್ದಾದರೆ, ಅದು 20.7 ಬಾರ್. ಹಾಗಾಗಿ 200 ಮೀಟರ್ ದಾಟಿ ನಿಂತ ನೀರನ್ನು ಆ ಕಂಪ್ರೆಸರ್ ಒಂದೇ ಸಲ ಎತ್ತಲಾರದು. ರಾತ್ರಿ ಕೆಲಸ ನಿಲ್ಲಿಸಿ ಬೆಳಿಗ್ಗೆ ಮತ್ತೆ ಇಳಿಸುವಾಗ ನೇರ ತಳಕ್ಕೆ ಹೋಗದೆ, ನಡುವೆ ಒಂದೆರಡು ಕಡೆ ನಿಂತು ನೀರನ್ನು ಊದಿ ಹೊರಹಾಕುತ್ತ ಇಳಿಯಿರಿ.

ಹೊರಬರುವ ನೀರನ್ನು 90 ಡಿಗ್ರಿ ವಿ-ನಾಚ್‌ನಲ್ಲಿ (ವಿ ಆಕಾರದ ಕಚ್ಚು ಇರುವ ತಟ್ಟೆ) ಅಳೆಯಿರಿ, ಕಚ್ಚಿನಲ್ಲಿ ನೀರಿನ ಎತ್ತರವನ್ನು ಇಂಚಿನಲ್ಲಿ ಓದಬೇಕು. 2 ಇಂಚು ಎಂದರೆ ನಿಮಿಷಕ್ಕೆ ಸುಮಾರು 48 ಲೀಟರ್. 1 ಇಂಚು ಅದರ ಅರ್ಧವಲ್ಲ, ಎಂಟೂವರೆ ಲೀಟರ್ ಅಷ್ಟೆ. ಮಾಲೀಕರಿಗೆ ಇಂಚಿನ ಜೊತೆ ಲೀಟರನ್ನೂ ಹೇಳುವುದು ನ್ಯಾಯ.

ಸಿಕ್ಕಿಕೊಂಡರೆ

ಮೊದಲೇ ಪೂರ್ತಿ ಬಲದಿಂದ ಎಳೆಯಬೇಡಿ. ಗಾಳಿ ನಿಲ್ಲಿಸದೆ, ಮುಮ್ಮುಖವಾಗಿಯೇ ತಿರುಗಿಸುತ್ತ, ಸ್ವಲ್ಪ ಸ್ವಲ್ಪ ಮೇಲೆ ಕೆಳಗೆ ಆಡಿಸಿ. ಮೇಲಿನಿಂದ ಚೂರು ಬಿದ್ದಿದ್ದರೆ ಹ್ಯಾಮರ್ ಅದನ್ನು ಪುಡಿ ಮಾಡಲು ಸಮಯ ಬೇಕು. ಗಾಳಿ ನಿಂತ ಹ್ಯಾಮರನ್ನು ತಳದಲ್ಲಿ ಬಿಟ್ಟು ಊಟಕ್ಕೆ ಹೋಗಬಾರದು, ತೇಲುತ್ತಿದ್ದ ಪುಡಿಯೆಲ್ಲ ಅದರ ಮೇಲೆಯೇ ಕೂರುತ್ತದೆ.

ಇದೇ ತತ್ವದ ಹ್ಯಾಮರನ್ನು ಗಾಳಿಯ ಬದಲು ನೀರಿನಿಂದಲೂ ನಡೆಸುತ್ತಾರೆ. ಸ್ವೀಡನ್ನಿನ ಎಲ್‌ಕೆಎಬಿ ಕಬ್ಬಿಣದ ಗಣಿಗಳಲ್ಲಿ ಬಳಸುವ ವಾಸಾರಾ ಹ್ಯಾಮರ್‌ಗೆ 180 ಬಾರ್‌ವರೆಗಿನ ನೀರು ಕೊಡುತ್ತಾರೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಶಕ್ತಿ ಪೋಲಾಗುವುದು ಕಡಿಮೆ, ಧೂಳೂ ಇಲ್ಲ, ಬೋರ್ ನೇರವಾಗಿ ಹೋಗುತ್ತದೆ. ಆದರೆ ಶುದ್ಧ ನೀರು ಬೇಕು. ಮರಳು ಸೇರಿದ ನೀರು ಒಳಭಾಗಗಳನ್ನು ಸವೆಸಿಬಿಡುತ್ತದೆ.

ಧೂಳಿನ ಮಾತು ಬಂದಾಗ ಒಂದು ಎಚ್ಚರಿಕೆ. ನಮ್ಮ ಕಲ್ಲಿನಲ್ಲಿ ಸಿಲಿಕಾ ಹೇರಳ. ಅದನ್ನು ಉಸಿರಾಡಿ ಬರುವ ಸಿಲಿಕೋಸಿಸ್ ವಾಸಿಯಾಗುವುದಿಲ್ಲ. ಬಾಯಿಗೆ ಕಟ್ಟಿದ ಟವೆಲ್ ಆ ಸಣ್ಣ ಧೂಳನ್ನು ತಡೆಯದು. ಒಣಪುಡಿ ಏಳುತ್ತಿರುವಷ್ಟು ಹೊತ್ತೂ ನೀರಿನ ಇಂಜೆಕ್ಷನ್ ಇರಲಿ, ರಾಡ್ ಬದಲಿಸುವ ಹುಡುಗರಿಗೆ ಎನ್95 ಮಾಸ್ಕ್ ಮತ್ತು ಕಿವಿಗೆ ಮಫ್ ಕೊಡಿ.

ಕೊರೆದು ಮುಗಿದ ಮೇಲೆ ತಿಳಿನೀರು ಬರುವವರೆಗೆ ಊದಿ, ರಾಡ್‌ಗಳನ್ನು ಎಣಿಸಿ ತೆಗೆಯಿರಿ. ಪಂಪ್ ಇಳಿಸುವುದು ನಾಳೆಯೇ ಆದರೂ ರಿಗ್ ಕದಲುವ ಮೊದಲು ಕೇಸಿಂಗ್ ಬಾಯಿಗೆ ಉಕ್ಕಿನ ತಟ್ಟೆ ಬೆಸುಗೆ ಹಾಕಿ ಅಥವಾ ಬೋಲ್ಟ್ ನಟ್‌ನಿಂದ ಬಿಗಿಯಿರಿ. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನವೂ ಇದೇ. ನೀರು ಬೀಳದ ಬೋರನ್ನು ಅದೇ ಕಲ್ಲುಪುಡಿ, ಮಣ್ಣು ತುಂಬಿ ತಳದಿಂದ ನೆಲದ ಮಟ್ಟದವರೆಗೆ ಮುಚ್ಚಬೇಕು.