ಶೀರ್ಷಿಕೆಯ ಮೊದಲ ಮೂರು ಪದಗಳಲ್ಲೇ ವಿಷಯ ಬರಲಿ

ಲೇಖನಕ್ಕೆ ಶೀರ್ಷಿಕೆ ಕೊಡುವಾಗ ವಿಷಯದ ಹೆಸರನ್ನು ಮೊದಲ ಎರಡು ಮೂರು ಪದಗಳೊಳಗೆ ತಂದುಬಿಡಿ. ಕನ್ನಡದಲ್ಲಿ ಇದು ತಾನಾಗಿ ಆಗುವುದಿಲ್ಲ. ಬಣ್ಣಿಸುವ ಪದಗಳೆಲ್ಲ ಮುಂದೆ ಸಾಲುಗಟ್ಟುತ್ತವೆ, ಮುಖ್ಯ ಪದ ಹಿಂದೆ ಹೋಗಿ ಕೂರುತ್ತದೆ. ‘ನೀವು ತಿಳಿದಿರಲೇಬೇಕಾದ ಅತ್ಯಂತ ಉಪಯುಕ್ತ ಫೋನ್ ಬ್ಯಾಟರಿ ಸಲಹೆಗಳು’ ಎಂದರೆ ಮೊದಲ ನಾಲ್ಕು ಪದ ಓದಿದರೂ ಏನೂ ಸಿಗುವುದಿಲ್ಲ, ಅಲ್ವಾ? ಅದನ್ನೇ ‘ಫೋನ್ ಬ್ಯಾಟರಿ ಬೇಗ ಖಾಲಿಯಾದರೆ ಮೊದಲು ಸ್ಕ್ರೀನ್ ಬೆಳಕು ತಗ್ಗಿಸಿ’ ಎಂದು ಬದಲಿಸಿ ನೋಡಿ. ಜನ ಪಟ್ಟಿಯ ಮೇಲೆ ಕಣ್ಣಾಡಿಸುತ್ತಾ ಹೋಗುತ್ತಾರೆ, ಪ್ರತಿ ಸಾಲನ್ನೂ ಪೂರ್ತಿ ಓದುವುದಿಲ್ಲ. ಗೂಗಲ್ ಹುಡುಕಾಟದಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿಯೂ ಹೋಗುತ್ತದೆ. ಅದು ಅಕ್ಷರದ ಲೆಕ್ಕದಲ್ಲಿ ಅಲ್ಲ, ತೆರೆಯ ಮೇಲಿನ ಅಗಲದ ಲೆಕ್ಕದಲ್ಲಿ. ನಮ್ಮ ಅಕ್ಷರಗಳು ಅಗಲ ಜಾಸ್ತಿ, ಹಾಗಾಗಿ ನಮಗೆ ಸಿಗುವ ಜಾಗವೂ ಕಡಿಮೆ. ಉತ್ತರವನ್ನು ಶೀರ್ಷಿಕೆಯಲ್ಲೇ ಹೇಳಿಬಿಟ್ಟರೆ ಯಾರು ಒಳಗೆ ಬರುತ್ತಾರೆ ಎಂಬ ಭಯ ಬೇಡ. ಏನು ಮಾಡಬೇಕೆಂದು ತಿಳಿದವರಿಗೆ ಹೇಗೆ, ಯಾಕೆ ಎಂಬುದು ಬೇಕೇ ಬೇಕಾಗುತ್ತದೆ. ‘ಅತ್ಯಂತ’, ‘ಅದ್ಭುತ’ದಂಥ ಪದಗಳನ್ನು ಸುಮ್ನೆ ತೆಗೆದುಹಾಕಿ, ಅವು ಜಾಗ ತಿನ್ನುತ್ತವೆ ಅಷ್ಟೇ. ಆದರೆ ಕಥೆ, ಕವಿತೆ, ನೆನಪಿನ ಬರಹಗಳಿಗೆ ಈ ಉಪಾಯ ಹೊಂದುವುದಿಲ್ಲ. ಅಲ್ಲಿ ವಿಷಯವನ್ನು ಸ್ವಲ್ಪ ಬಚ್ಚಿಟ್ಟರೇ ಚೆಂದ. ಒಂದೇ ಬರಹದಲ್ಲಿ ನಾಲ್ಕು ವಿಷಯ ತುಂಬಿದ್ದರೂ ಇದು ಕೈಕೊಡುತ್ತದೆ. ಯಾವ ಪದ ಮುಂದಿಡಬೇಕೆಂದೇ ಹೊಳೆಯದಿದ್ದರೆ ಶೀರ್ಷಿಕೆ ಬಿಟ್ಟು ಮೊದಲು ಬರಹವನ್ನೇ ಎರಡಾಗಿ ಒಡೆಯಿರಿ.